ಇರುಳನ್ನು ಕೆಡಿಸದ ದೀಪ

ದೀಪವನ್ನು ನಮ್ಮ ಹಿರಿಯರು ಮಂಗಳವೆಂದು ಬಗೆದರು. ಕತ್ತಲೆಯನ್ನು ಅಜ್ಞಾನಕ್ಕೆ ಹೋಲಿಸಿದರು. ಹೀಗಿರುವಾಗ ಬೆಳಕೂ ಒಂದು ಬಗೆಯ ಮಾಲಿನ್ಯವಾಗಬಲ್ಲುದೆಂದರೆ ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು. ಆದರೆ ತೋಟಕ್ಕೆ ನೀರು ಬೇಕೆಂದು ಯಾರೂ ನೆರೆಯನ್ನು ಬಯಸುವುದಿಲ್ಲ. ಬೇಕಾದಲ್ಲಿ, ಬೇಕಾದಷ್ಟು, ಬೇಕಾದ ಹೊತ್ತಿನಲ್ಲಿ ಹರಿದ ನೀರು ಹಿತ, ಮಿಕ್ಕುದು ಹಾನಿ. ಬೆಳಕಿನ ಮಾತೂ ಹೀಗೆಯೇ. ಬೀದಿಗೆಂದು ಹಚ್ಚಿದ ದೀಪದ ಬೆಳಕು ಬೀದಿಯನ್ನು ಬಿಟ್ಟು ಮರದ ಮೇಲೆ, ಕೆರೆಯ ಮೇಲೆ, ಬಾನಿನ ಕಡೆಗೆ ಹರಿದರೆ ಅದನ್ನು ಬೆಳಕಿನ ಮಾಲಿನ್ಯವೆಂದು ಕರೆಯುತ್ತೇವೆ. ಅದು ಇರುಳಿನ ಜೀವಿಗಳಿಗೆ ಏನು ಮಾಡುತ್ತದೆ, ದೀಪವನ್ನು ಪೂರ್ತಿ ಆರಿಸದೆಯೇ ಅದನ್ನು ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಇರುಳಿನ ಅಳತೆ

ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು 'ಲಕ್ಸ್' ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ಬಿಸಿಲು ಸುಮಾರು ೧,೦೦,೦೦೦ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸಿನ ಆಸುಪಾಸು. ಚಂದ್ರನಿಲ್ಲದ ಇರುಳಿನಲ್ಲಿ ನಕ್ಷತ್ರಗಳ ಬೆಳಕು ಲಕ್ಸಿನ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಪೇಟೆಯ ಸಾಧಾರಣ ಬೀದಿದೀಪದ ಅಡಿಯಲ್ಲಾದರೋ ೧೦ರಿಂದ ೨೦ ಲಕ್ಸ್ ಇರುತ್ತದೆ. ಎಂದರೆ ನಮಗೆ ಮಂಕಾಗಿ ತೋರುವ ಬೀದಿದೀಪವೂ ಹುಣ್ಣಿಮೆಯ ನಲವತ್ತು ಪಟ್ಟು, ಅಮಾವಾಸ್ಯೆಯ ಹತ್ತು ಸಾವಿರ ಪಟ್ಟು ಬೆಳಕನ್ನು ಸುರಿಯುತ್ತದೆ. ಕೋಟ್ಯಂತರ ವರ್ಷ ಈ ಕಾಲು ಲಕ್ಸಿನ ಒಳಗೇ ಬಾಳಿದ ಜೀವಿಗಳ ಕಣ್ಣುಗಳಿಗೆ ಇದೆಂತಹ ಮಾರ್ಪಾಡೆಂಬುದನ್ನು ಊಹಿಸಬಹುದು.

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ೧೯೦೫ರಲ್ಲಿ. ಅದಕ್ಕೆ ವಿದ್ಯುತ್ತು ಶಿವನಸಮುದ್ರದಿಂದ ಬಂದಿತು. ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಯೋಜನೆಯಿಂದ ಅನೇಕ ಊರುಗಳಲ್ಲಿ ಹಳದಿ ಸೋಡಿಯಂ ದೀಪಗಳ ಜಾಗಕ್ಕೆ ಬಿಳಿಯ ಎಲ್‌ಇಡಿ ದೀಪಗಳು ಬಂದವು. ವಿದ್ಯುತ್ತಿನ ಉಳಿತಾಯವಾದುದು ನಿಜ. ಆದರೆ ಅಗ್ಗವಾದುದನ್ನು ಹೆಚ್ಚಾಗಿ ಬಳಸುವುದು ಮನುಷ್ಯಸ್ವಭಾವ. ೨೦೧೧ರಿಂದ ೨೦೨೨ರ ವರೆಗೆ ಸಾವಿರಾರು ಜನರು ತಮ್ಮ ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಗುರುತಿಸಿ ವರದಿ ಮಾಡಿದರು. ಇವರಲ್ಲಿ ಹೆಚ್ಚಿನವರು ಯುರೋಪು ಮತ್ತು ಉತ್ತರ ಅಮೆರಿಕದವರು. ೨೦೨೩ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ ೯.೬ರಂತೆ ಏರಿತ್ತು. ಈ ದರದಲ್ಲಿ ಎಂಟು ವರ್ಷ ತುಂಬುವುದರೊಳಗೆ ಹೊಳಪು ಇಮ್ಮಡಿಯಾಗುತ್ತದೆ. ಜಗತ್ತಿನ ಮೂವರಲ್ಲಿ ಒಬ್ಬರಿಗೆ ತಾವಿರುವ ಊರಿನಿಂದ ಆಕಾಶಗಂಗೆ ಕಾಣುವುದಿಲ್ಲವೆಂದು ೨೦೧೬ರ ಇನ್ನೊಂದು ಅಧ್ಯಯನ ತೋರಿಸಿದೆ.

ಹುಳು ದೀಪಕ್ಕೇಕೆ ಮುತ್ತುತ್ತದೆ?

ದೀಪಕ್ಕೆ ಮುತ್ತುವ ಪತಂಗವನ್ನು ಕವಿಗಳು ಮೋಹದ ಗುರುತಾಗಿ ಹಾಡಿದ್ದಾರೆ. ವಿಜ್ಞಾನ ಹೇಳುವ ಕಾರಣ ಬೇರೆ. ಹಾರುತ್ತಿರುವ ಹುಳುವಿಗೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು ಸುಲಭವಲ್ಲ. ರಭಸದಿಂದ ತಿರುಗುವಾಗ ಮೈಮೇಲೆ ಬೀಳುವ ಎಳೆತವನ್ನು ಭೂಮಿಯ ಸೆಳೆತದಿಂದ ಬೇರ್ಪಡಿಸಿ ಅರಿಯುವುದು ಅದಕ್ಕೆ ಕಷ್ಟ. ಆದುದರಿಂದ ಅದು ಬೆಳಕನ್ನು ನೆಚ್ಚುತ್ತದೆ. ಇರುಳಿನಲ್ಲಿಯೂ ನೆಲಕ್ಕಿಂತ ಬಾನು ಹೆಚ್ಚು ಬೆಳಕಾಗಿರುತ್ತದೆ. ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಂಡು ಹಾರಿದರೆ ಹೊಟ್ಟೆ ತಾನಾಗಿ ನೆಲದ ಕಡೆಗಿರುತ್ತದೆ.

ಈಗ ಹತ್ತಿರದಲ್ಲೊಂದು ದೀಪ ಉರಿಯಲಿ. ಹುಳು ವಾಡಿಕೆಯಂತೆ ಬೆನ್ನನ್ನು ಅದರ ಕಡೆಗೆ ವಾಲಿಸುತ್ತದೆ. ವಾಲಿದ ವಿಮಾನದ ಹಾಗೆ ಅದರ ದಾರಿ ಬಾಗುತ್ತದೆ. ಬಾಗಿ ಬಾಗಿ ದೀಪವನ್ನು ಸುತ್ತತೊಡಗುತ್ತದೆ. ದೀಪವು ನೆಲದಿಂದ ಮೇಲ್ಮುಖವಾಗಿ ಉರಿಯುತ್ತಿದ್ದರೆ ಹುಳು ಮಗುಚಿಕೊಂಡು ಕೆಳಗೆ ಬೀಳುತ್ತದೆ. ಹುಳುಗಳ ಹಾರಾಟವನ್ನು ಅತಿವೇಗದ ಕ್ಯಾಮೆರಾಗಳಿಂದ ಚಿತ್ರಿಸಿ ೨೦೨೪ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದನ್ನು ತೋರಿಸಿಕೊಟ್ಟಿತು. ಪಾಪ, ಪತಂಗವು ದೀಪವನ್ನೇ ಬಾನೆಂದು ತಿಳಿಯುತ್ತದೆ! ಹೂವಿನ ಪರಾಗವನ್ನು ಹೊರಬೇಕಾದ, ಮೊಟ್ಟೆಯಿಡಬೇಕಾದ ಹೊತ್ತನ್ನು ದೀಪದ ಸುತ್ತ ಕಳೆದು, ದಣಿದು, ಹಲ್ಲಿಯ ಬಾಯಿಗೆ ಬೀಳುತ್ತದೆ.

ಮಿಂಚುಹುಳು, ಬಾವಲಿ, ಕಡಲಾಮೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಮನೆಯ ಅಂಗಳ, ಅಡಿಕೆಯ ತೋಟ, ಸೊಪ್ಪಿನ ಬೆಟ್ಟ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಭೈರುಂಬೆಯಂತಹ ಊರಿನಲ್ಲಿ ಅಂಗಳದ ದೀಪದ ಬೆಳಕು ಕೆಲವು ಮಾರು ಹರಿದರೆ ತೋಟ. ಅದನ್ನು ದಾಟಿದರೆ ಕಾಡು. ಆದುದರಿಂದ ಇಲ್ಲಿ ದಾರಿತಪ್ಪಿದ ಬೆಳಕು ಜೀವಿಗಳನ್ನು ಬೇಗ ಮುಟ್ಟುತ್ತದೆ.

ಮುಂಗಾರಿಗೆ ಮುನ್ನ ತೋಟದಂಚಿನಲ್ಲಿ ಮಿನುಗುವ ಮಿಂಚುಹುಳುಗಳನ್ನೇ ನೋಡಿರಿ. ಅವುಗಳ ಮೈಯಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಕೂಡಿ ಹಸಿರುಹಳದಿ ಬೆಳಕನ್ನು ಕೊಡುತ್ತದೆ. ಆ ಮಿನುಗು ಗಂಡುಹೆಣ್ಣುಗಳ ಸಂಭಾಷಣೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳದಿರುವಂತೆ, ಪ್ರಖರ ದೀಪದ ಬಳಿ ಈ ಮಿನುಗು ಜೊತೆಗಾತಿಗೆ ಕಾಣುವುದಿಲ್ಲ. ಜೋಡಿ ಕೂಡದಿದ್ದರೆ ಮುಂದಿನ ವರ್ಷಕ್ಕೆ ಸಂತತಿಯಿಲ್ಲ.

ಬಾವಲಿಗಳಲ್ಲಿ ಎರಡು ಸ್ವಭಾವಗಳುಂಟು. ವೇಗವಾಗಿ ಹಾರುವ ಕೆಲವು ಜಾತಿಗಳು ದೀಪದ ಸುತ್ತ ಮುತ್ತಿದ ಹುಳುಗಳನ್ನು ಹಿಡಿದು ತಿನ್ನುತ್ತವೆ. ಮರಗಳ ನಡುವೆ ನಿಧಾನವಾಗಿ ಹಾರುವ ಜಾತಿಗಳು ಬೆಳಕಿಗೆ ಅಂಜಿ, ಬೆಳಗಿದ ರಸ್ತೆಯನ್ನು ದಾಟಲೂ ಹಿಂಜರಿಯುತ್ತವೆ. ಅವಕ್ಕೆ ಸಾಲುದೀಪದ ರಸ್ತೆಯೆಂದರೆ ಗೋಡೆಯಿದ್ದಂತೆ.

ಘಟ್ಟದ ಕೆಳಗೆ, ಹೊನ್ನಾವರದ ಕಾಸರಕೋಡು ಟೊಂಕದ ಮರಳದಂಡೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಸಾಮಾನ್ಯವಾಗಿ ಇರುಳಿನಲ್ಲಿ ಹೊರಬಂದು, ಕೆಳಗಿನ ದಿಗಂತದಲ್ಲಿ ಯಾವ ಕಡೆ ಬೆಳಕು ಹೆಚ್ಚೋ ಆ ಕಡೆಗೆ ತೆವಳುತ್ತವೆ. ಸ್ವಾಭಾವಿಕವಾದ ದಂಡೆಯಲ್ಲಿ ಆ ಬೆಳಕು ಕಡಲಿನದು. ದಂಡೆಯ ಹಿಂದೆ ದೀಪಗಳಿದ್ದರೆ ಮರಿಗಳು ಊರಿನ ಕಡೆಗೆ ಹೊರಟು, ನಾಯಿಗಳಿಗೂ ಬಿಸಿಲಿಗೂ ತುತ್ತಾಗುತ್ತವೆ. ಎಲ್ಲ ಕಡಲದಂಡೆಗಳಲ್ಲಿಯೂ ಇರುವ ಅಪಾಯವಿದು.

ಬಣ್ಣದ ಪ್ರಶ್ನೆ

ದೀಪದ ಬಣ್ಣವೂ ಮುಖ್ಯವೆಂಬುದಕ್ಕೆ ಭೌತವಿಜ್ಞಾನದಲ್ಲಿ ಆಧಾರವಿದೆ. ಗಾಳಿಯ ಅಣುಗಳು ಬೆಳಕನ್ನು ಚದರಿಸುವ ಪ್ರಮಾಣವು ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ರ್‍ಯಾಲೆ ೧೮೭೧ರಲ್ಲಿ ತೋರಿಸಿದನು. ಹಗಲಿನ ಬಾನು ನೀಲಿಯಾಗಿರುವುದು ಇದರಿಂದಲೇ. ಬಿಳಿಯ ಎಲ್‌ಇಡಿ ದೀಪದೊಳಗೆ ಸುಮಾರು ೪೫೦ ನ್ಯಾನೊಮೀಟರಿನ ನೀಲಿ ಬೆಳಕು ಹುಟ್ಟಿ, ಅದರ ಒಂದು ಪಾಲು ಲೇಪನವೊಂದರಲ್ಲಿ ಹಳದಿಯಾಗಿ ಮಾರ್ಪಡುತ್ತದೆ. ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಸೋಡಿಯಂ ದೀಪದ ಹಳದಿಯ ತರಂಗದೂರ ೫೮೯ ನ್ಯಾನೊಮೀಟರ್. ೫೮೯ನ್ನು ೪೫೦ರಿಂದ ಭಾಗಿಸಿ ನಾಲ್ಕನೆಯ ಘಾತಕ್ಕೇರಿಸಿದರೆ ಸುಮಾರು ೨.೯ ಬರುತ್ತದೆ. ಆ ನೀಲಿಯು ಹಳದಿಗಿಂತ ಮೂರು ಪಟ್ಟಿನಷ್ಟು ಚದರಿ ಬಾನನ್ನು ಬೆಳಗಿಸುತ್ತದೆ. ಬಹುಪಾಲು ಹುಳುಗಳ ಕಣ್ಣುಗಳು ನೀಲಿಗೂ ಅತಿನೇರಳೆಗೂ ಚುರುಕಾಗಿರುವುದರಿಂದ ಹಾನಿ ಇಮ್ಮಡಿ.

ದೀಪದ ಪೆಟ್ಟಿಗೆಯ ಮೇಲೆ ೨೭೦೦ ಕೆ, ೬೫೦೦ ಕೆ ಎಂಬ ಅಂಕೆಗಳಿರುತ್ತವೆ. ಇದು ಬಣ್ಣದ ತಾಪಮಾನ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಕಾವೇರಿದಂತೆ ಹಳದಿಯಾಗಿ, ಆಮೇಲೆ ಬಿಳಿಯಾಗುವುದನ್ನು ನೆನೆಯಿರಿ. ಅಂಕೆ ಹೆಚ್ಚಿದಷ್ಟೂ ನೀಲಿ ಹೆಚ್ಚು. ಹೊರಗಿನ ದೀಪಕ್ಕೆ ೨೭೦೦ ಅಥವಾ ಅದಕ್ಕಿಂತ ಕಡಿಮೆಯ ಅಂಕೆ ಮೇಲು.

ಒಳ್ಳೆಯ ದೀಪದ ಐದು ಗುಣಗಳು

ಮೊದಲನೆಯದು, ದೀಪಕ್ಕೊಂದು ಕೆಲಸವಿರಬೇಕು. ಬರಿಯ ಅಲಂಕಾರಕ್ಕೆ ಮರಗಳ ಬುಡದಿಂದ ಮೇಲಕ್ಕೆ ಬೆಳಕು ಹಾಯಿಸುವುದು ಸಲ್ಲದು. ಎರಡನೆಯದು, ಬೆಳಕು ಕೆಳಮುಖವಾಗಿರಬೇಕು. ಮರೆಯಿಲ್ಲದ ಗೋಳದೀಪವು ತನ್ನ ಬೆಳಕಿನ ಅರ್ಧವನ್ನು ಬಾನಿಗೆ ಕಳಿಸುತ್ತದೆ. ದಿಗಂತಕ್ಕಿಂತ ತುಸು ಮೇಲೆ ಹೊರಟ ಕಿರಣವಂತೂ ಗಾಳಿಯಲ್ಲಿ ಬಹುದೂರ ಸಾಗಿ ದೂರದ ಊರಿನ ಆಕಾಶವನ್ನೂ ಕೆಡಿಸುತ್ತದೆ. ತಗಡಿನ ಒಂದು ಮರೆ ಇದನ್ನು ತಡೆಯಬಲ್ಲುದು. ಮೂರನೆಯದು, ಬೇಕಾದಷ್ಟೇ ಪ್ರಖರತೆ. ನಾಲ್ಕನೆಯದು, ಬೇಕಾದ ಹೊತ್ತಿಗಷ್ಟೇ ಉರಿಯುವುದು. ಜನಸಂಚಾರ ನಿಂತ ಮೇಲೆ ಮಂದವಾಗುವ, ಯಾರಾದರೂ ಬಂದಾಗ ಬೆಳಗುವ ಏರ್ಪಾಡು ಈಗ ದುಬಾರಿಯದಲ್ಲ. ಐದನೆಯದು, ಮೇಲೆ ಹೇಳಿದ ಬೆಚ್ಚನೆಯ ಬಣ್ಣ.

ಇವು ಕೇವಲ ಪುಸ್ತಕದ ಮಾತುಗಳಲ್ಲ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ನಗರ ೧೯೫೮ರಲ್ಲಿಯೇ ಪ್ರಖರದೀಪಗಳನ್ನು ನಿರ್ಬಂಧಿಸುವ ಕಾಯಿದೆ ಮಾಡಿತು. ನೆದರ್ಲೆಂಡ್ಸಿನ ನ್ಯೂಕೋಪ್ ಪಟ್ಟಣದಲ್ಲಿ ೨೦೧೮ರಲ್ಲಿ ಬಾವಲಿಗಳಿಗಾಗಿ ಕೆಂಪು ಬೀದಿದೀಪಗಳನ್ನು ಹಾಕಿದರು. ಬೆಳಕಿಗೆ ಅಂಜುವ ಅಲ್ಲಿನ ಬಾವಲಿಗಳನ್ನು ಕೆಂಪು ಬೆಳಕು ಅಷ್ಟಾಗಿ ಬಾಧಿಸದು. ಲಡಾಖಿನ ಹಾನ್ಲೆಯನ್ನು ೨೦೨೨ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶವೆಂದು ಸಾರಲಾಯಿತು. ಅಲ್ಲಿನ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು.

'ಮಲೆನಾಡಿನಲ್ಲಿ ಹಾವುಹುಪ್ಪಟೆಗಳ ಭಯವಿದೆ, ಬೆಳಕು ಕಡಿಮೆಯಾದರೆ ಹೇಗೆ?' ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹಾವು ಕಾಣಬೇಕಾದುದು ಕಾಲಬುಡದಲ್ಲಿ. ಕಣ್ಣಿಗೆ ನೇರವಾಗಿ ಹೊಡೆಯುವ ದೀಪದ ಎದುರು ಪಾಪೆ ಕುಗ್ಗಿ, ದೀಪದಾಚೆಯ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಮರೆಯಿರುವ ದೀಪ ಕಣ್ಣನ್ನು ಕುಕ್ಕದೆ ನೆಲವನ್ನು ತೋರಿಸುತ್ತದೆ.

ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಎರಡು ಪ್ರಯೋಗಗಳುಂಟು. ಹಳೆಯ ಸಿ.ಡಿ. ತಟ್ಟೆಯಲ್ಲಿ ಬೀದಿದೀಪದ ಪ್ರತಿಬಿಂಬವನ್ನು ಓರೆಯಾಗಿ ನೋಡಿದರೆ ಅದರ ವರ್ಣಪಟಲ ಕಾಣುತ್ತದೆ. ನೀಲಿಯ ಪಟ್ಟಿ ಎಷ್ಟು ಪ್ರಖರವೆಂದು ಗಮನಿಸಿರಿ. ಜನವರಿಯ ಚಂದ್ರನಿಲ್ಲದ ಇರುಳಿನಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನಾಲ್ಕು ಮೂಲೆಯ ನಕ್ಷತ್ರಗಳ ಒಳಗೆ ಎಷ್ಟು ಚುಕ್ಕೆಗಳು ಕಾಣುತ್ತವೆಂದು ಶಿರಸಿ ಪೇಟೆಯಲ್ಲೊಮ್ಮೆ, ಭೈರುಂಬೆಯಲ್ಲೊಮ್ಮೆ ಎಣಿಸಿರಿ. ಎರಡು ಎಣಿಕೆಗಳ ಅಂತರವೇ ನಾವು ಕಳೆದುಕೊಂಡುದರ ಲೆಕ್ಕ.

ಕೆರೆಗೆ ಸೇರಿದ ವಿಷವನ್ನು ತೆಗೆಯಲು ವರ್ಷಗಳು ಬೇಕು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವಂಥದು. ಗುಂಡಿಯೊತ್ತಿದ ಕ್ಷಣದಲ್ಲಿ ಅದು ಹೊರಟುಹೋಗಿ ಇರುಳು ಮರಳುತ್ತದೆ. ಆದರೆ ತೋಟದಂಚಿನ ಮಿಂಚುಹುಳುಗಳ ಸಂತತಿ ಒಮ್ಮೆ ಕಡಿದುಹೋದರೆ ಯಾವ ಗುಂಡಿಯೂ ಅದನ್ನು ಮರಳಿಸಲಾರದು. ಊರಿಗೆ ಹೊಸ ದೀಪ ಬರುವಾಗಲೇ ಅದರ ಮರೆ, ಬಣ್ಣ, ಹೊತ್ತುಗಳನ್ನು ವಿಚಾರಿಸುವುದು ಆದುದರಿಂದ ನಮ್ಮೆಲ್ಲರ ಕರ್ತವ್ಯ.