ತಟ್ಟೆಯ ಹಿಂಬದಿಯ ಸಂಗೀತ

ಸಂತೆಯಲ್ಲಿ ತರಕಾರಿಯ ತೂಕ ಮುಗಿದ ಮೇಲೆ ಮಾರುವವಳು ನಾಲ್ಕು ಹಸಿಮೆಣಸಿನಕಾಯಿಯನ್ನೋ ಒಂದು ಹಿಡಿ ಕೊತ್ತಂಬರಿಯನ್ನೋ ಚೀಲಕ್ಕೆ ಹಾಕುವುದುಂಟು. ಅದನ್ನು ಕೊಸರು ಎನ್ನುತ್ತೇವೆ. ಹಳೆಯ ಧ್ವನಿಮುದ್ರಿಕೆಗಳನ್ನು ಮರುಮುದ್ರಿಸಿ ಮಾರುವವರೂ ಹೀಗೆಯೇ ಮಾಡುತ್ತಾರೆ. ಮೂಲದ ಹಾಡುಗಳೆಲ್ಲ ಮುಗಿದ ಬಳಿಕ, ಮೂಲದಲ್ಲಿ ಇಲ್ಲದ ಎರಡು ಮೂರು ಹಾಡುಗಳನ್ನು ಕೊನೆಗೆ ಸೇರಿಸಿರುತ್ತಾರೆ. ಇವು ಅಂದು ಬೇಡವೆಂದು ಬಿಟ್ಟವು, ಆದುದರಿಂದ ಕೇಳತಕ್ಕವಲ್ಲ ಎಂದು ನಾನು ಬಹುಕಾಲ ತಿಳಿದಿದ್ದೆ. ಹೋದ ಬೇಸಗೆಯ ರಜೆಯಲ್ಲಿ ಜಮೈಕ ದ್ವೀಪದ ‘ಡಬ್’ ಎಂಬ ಸಂಗೀತದ ಕೆಲವು ಮರುಮುದ್ರಣಗಳನ್ನು ಕೇಳುವ ಸಂದರ್ಭ ಒದಗಿತು. ಅಂದಿನಿಂದ ನನ್ನ ಅಭಿಪ್ರಾಯ ತಲೆಕೆಳಗಾಗಿದೆ. ಈ ಸಂಗೀತದಲ್ಲಿ ಕೊಸರೇ ಕೆಲವು ವೇಳೆ ಮೂಲಕ್ಕಿಂತ ಅಪೂರ್ವವಾದುದು. ಅದು ಏಕೆಂಬುದನ್ನು ತಿಳಿಯಬೇಕಾದರೆ ಸಂಗೀತಜ್ಞಾನಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರದ ಜ್ಞಾನ ಬೇಕು. ಈ ಪತ್ರಿಕೆಯಲ್ಲಿ ಆ ವಿಷಯವನ್ನು ಎತ್ತಿಕೊಳ್ಳಲು ಅದೇ ಕಾರಣ.

ಕ್ಯಾರಿಬಿಯನ್ ಸಮುದ್ರದ ಜಮೈಕ 1962ರಲ್ಲಿ ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಅದರ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ 1950ರ ದಶಕದಿಂದಲೇ ಒಂದು ವಿಚಿತ್ರವಾದ ಉದ್ಯಮ ಬೆಳೆದಿತ್ತು. ಬಯಲಿನಲ್ಲಿ ಆಳೆತ್ತರದ ಧ್ವನಿವರ್ಧಕಗಳನ್ನು ನಿಲ್ಲಿಸಿ, ಗ್ರಾಮಫೋನ್ ತಟ್ಟೆಗಳನ್ನು ನುಡಿಸಿ, ಹಣ ಕೊಟ್ಟು ಬಂದವರನ್ನು ಕುಣಿಸುವುದೇ ಆ ಉದ್ಯಮ. ಇದಕ್ಕೆ ‘ಸೌಂಡ್ ಸಿಸ್ಟಂ’ ಎಂದು ಹೆಸರು. ಒಬ್ಬನ ಬಳಿ ಇರುವ ತಟ್ಟೆ ಇನ್ನೊಬ್ಬನ ಬಳಿ ಇರಬಾರದೆಂಬುದು ಈ ಉದ್ಯಮದವರ ಹಟ. ಹಾಗಾಗಿ ಅವರು ಧ್ವನಿಮುದ್ರಣಾಲಯಕ್ಕೆ ಹೋಗಿ ಒಂದೇ ಒಂದು ಪ್ರತಿಯ ಮೆದುವಾದ ತಟ್ಟೆಯನ್ನು ಕೊರೆಯಿಸಿಕೊಳ್ಳುತ್ತಿದ್ದರು. ಇದೇ ‘ಡಬ್ ಪ್ಲೇಟ್’. ಅಲ್ಯೂಮಿನಿಯಮ್ ಹಾಳೆಯ ಮೇಲೆ ಮೆರುಗೆಣ್ಣೆ ಬಳಿದ ಈ ತಟ್ಟೆ ಹೆಚ್ಚು ಕಾಲ ಬಾಳುವುದಿಲ್ಲ. ಪ್ರತಿ ಸಲವೂ ಮುಳ್ಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಕೆರೆದು ಹಾಕುತ್ತದೆ.

1967-68ರ ಸುಮಾರಿಗೆ ಹೀಗೆ ತಟ್ಟೆ ಕೊರೆಯುವಾಗ ನಡೆದ ಒಂದು ತಪ್ಪಿನಿಂದ ಡಬ್ ಸಂಗೀತ ಮೊಳೆಯಿತೆಂದು ಹೇಳುತ್ತಾರೆ. ರಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಂ ಯಜಮಾನನಿಗಾಗಿ ‘ಪ್ಯಾರಗನ್ಸ್’ ತಂಡದ ಒಂದು ಹಾಡನ್ನು ಕೊರೆಯುತ್ತಿದ್ದ ತಂತ್ರಜ್ಞ ಗಾಯಕರ ಧ್ವನಿಯನ್ನು ಸೇರಿಸಲು ಮರೆತನಂತೆ. ರೆಡ್‌ವುಡ್ ಅದನ್ನು ತಿದ್ದಿಸಲಿಲ್ಲ. ಅಂದಿನ ರಾತ್ರಿ ಮೊದಲು ಪೂರ್ಣವಾದ ಹಾಡನ್ನೂ ಅನಂತರ ಈ ಬರಿಯ ವಾದ್ಯಗಳ ತಟ್ಟೆಯನ್ನೂ ನುಡಿಸಿದ. ಖಾಲಿ ಬಿದ್ದಿದ್ದ ಜಾಗವನ್ನು ನೆರೆದ ಜನರೇ ಹಾಡಿ ತುಂಬಿದರು. ಮುಂದೆ ಕೆಲವೇ ವರ್ಷಗಳಲ್ಲಿ ಜಮೈಕದ ಚಿಕ್ಕ ತಟ್ಟೆಗಳ ಹಿಂಬದಿಯಲ್ಲಿ ಅದೇ ಹಾಡಿನ ಧ್ವನಿಯಿಲ್ಲದ ರೂಪವನ್ನು ಹಾಕುವುದು ರೂಢಿಯಾಯಿತು. ಇನ್ನೊಂದು ಹಾಡನ್ನು ಮುದ್ರಿಸುವ ಖರ್ಚೂ ಇದರಿಂದ ಉಳಿಯಿತು ಎಂಬುದನ್ನು ಮರೆಯಬಾರದು. ಕಲೆಯ ಇತಿಹಾಸದಲ್ಲಿ ಜಿಪುಣತನಕ್ಕೂ ಒಂದು ಸ್ಥಾನವುಂಟು.

ಈ ಹಿಂಬದಿಯನ್ನು ಸ್ವತಂತ್ರವಾದ ಕಲೆಯನ್ನಾಗಿ ಮಾಡಿದವನು ಗಾಯಕನೂ ಅಲ್ಲ, ವಾದ್ಯಗಾರನೂ ಅಲ್ಲ. ರೇಡಿಯೊ ರಿಪೇರಿ ಮಾಡುತ್ತಿದ್ದ ಆಸ್‌ಬೋರ್ನ್ ರಡ್ಡಕ್. 1941ರಲ್ಲಿ ಹುಟ್ಟಿದ ಈತನನ್ನು ಲೋಕವು ಕಿಂಗ್ ಟಬ್ಬಿ ಎಂಬ ಹೆಸರಿನಿಂದ ತಿಳಿದಿದೆ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯ ಮನೆಯಲ್ಲಿ ಈತ ಕಟ್ಟಿಕೊಂಡ ಧ್ವನಿಮುದ್ರಣಾಲಯವು ವಾದ್ಯತಂಡ ಕುಳಿತು ನುಡಿಸುವಷ್ಟು ದೊಡ್ಡದಾಗಿರಲಿಲ್ಲ. ಬೇರೆಡೆ ಮುದ್ರಿತವಾದ ಟೇಪುಗಳು ಇಲ್ಲಿಗೆ ಬರುತ್ತಿದ್ದವು. ಟೇಪಿನ ಉದ್ದಕ್ಕೂ ಪಕ್ಕಪಕ್ಕದಲ್ಲಿ ನಾಲ್ಕು ಪಟ್ಟಿಗಳು. ಒಂದರಲ್ಲಿ ಡ್ರಮ್ಮು, ಒಂದರಲ್ಲಿ ಮಂದ್ರದ ಬಾಸ್ ಗಿಟಾರು, ಇನ್ನೊಂದರಲ್ಲಿ ಉಳಿದ ವಾದ್ಯಗಳು, ಮತ್ತೊಂದರಲ್ಲಿ ಗಾಯನ, ಹೀಗೆ ಇರಬಹುದು. ಪ್ರತಿಯೊಂದು ಪಟ್ಟಿಗೂ ಮಿಕ್ಸಿಂಗ್ ಮೇಜಿನ ಮೇಲೆ ಒಂದೊಂದು ಜಾರುಗುಂಡಿ. ಟೇಪು ಓಡುತ್ತಿರುವಾಗಲೇ ರಡ್ಡಕ್ ಗಾಯನವನ್ನು ಎರಡು ಶಬ್ದಗಳಾದ ಮೇಲೆ ಮುಚ್ಚುತ್ತಿದ್ದ. ಗಿಟಾರನ್ನು ಒಂದು ಪೆಟ್ಟಿನಷ್ಟು ಮಾತ್ರ ತೆರೆಯುತ್ತಿದ್ದ. ಮುಚ್ಚುವ ಮುನ್ನ ಆ ತುಣುಕನ್ನು ಪ್ರತಿಧ್ವನಿಯ ಯಂತ್ರಕ್ಕೆ ಕಳುಹಿಸುತ್ತಿದ್ದ.

ಈ ಪ್ರತಿಧ್ವನಿಯು ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ಟೇಪ್ ಯಂತ್ರದಲ್ಲಿ ಧ್ವನಿಯನ್ನು ಬರೆಯುವ ಕಾಂತಶಿರ ಒಂದು, ಓದುವ ಕಾಂತಶಿರ ಇನ್ನೊಂದು. ಇವೆರಡರ ನಡುವೆ 5 ಸೆಂಟಿಮೀಟರ್ ಅಂತರವಿದ್ದು, ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನೋಣ. ಈಗ ಬರೆದ ಧ್ವನಿ 5/19, ಅಂದರೆ ಸುಮಾರು 0.26 ಸೆಕೆಂಡಿನ ಬಳಿಕ ಓದುವ ಶಿರವನ್ನು ಮುಟ್ಟುತ್ತದೆ. ನೈಜವಾದ ಪ್ರತಿಧ್ವನಿಯಿಂದ ಇಷ್ಟೇ ತಡವನ್ನು ಪಡೆಯಬೇಕಾದರೆ ನಮ್ಮೆದುರಿನ ಗೋಡೆ 45 ಮೀಟರ್ ದೂರದಲ್ಲಿರಬೇಕಾಗುತ್ತದೆ. ಸೆಕೆಂಡಿಗೆ 343 ಮೀಟರ್ ಚಲಿಸುವ ಶಬ್ದ ಅಲ್ಲಿಗೆ ಹೋಗಿ ಮರಳಬೇಕಷ್ಟೆ. ವಾಟರ್‌ಹೌಸಿನ ಪುಟ್ಟ ಕೋಣೆಯೊಳಗೆ ಒಂದು ಕೋಟೆಯ ಬಯಲು ಹೀಗೆ ಅಡಗಿತ್ತು.

ಓದಿದ ಧ್ವನಿಯ ಒಂದಂಶವನ್ನು ಮತ್ತೆ ಬರೆಯುವ ಶಿರಕ್ಕೆ ಕಳುಹಿಸಿದರೆ ಪ್ರತಿಧ್ವನಿಗೂ ಪ್ರತಿಧ್ವನಿ ಹುಟ್ಟುತ್ತದೆ. ಮರಳುವ ಪಾಲು ನೂರಕ್ಕೆ 60 ಆಗಿದ್ದರೆ ಅನುಕ್ರಮವಾಗಿ 60, 36, 22, 13 ಎಂದು ಧ್ವನಿ ಇಳಿಯುತ್ತ ಹೋಗುತ್ತದೆ. ಗುಣೋತ್ತರ ಶ್ರೇಢಿಗೆ ಇದಕ್ಕಿಂತ ಇಂಪಾದ ಉದಾಹರಣೆ ನನಗೆ ತಿಳಿಯದು. ಪಾಲನ್ನು ನೂರಕ್ಕೆ ಏರಿಸಿದರೆ ಧ್ವನಿ ಅಡಗುವುದೇ ಇಲ್ಲ. ನೂರನ್ನು ದಾಟಿಸಿದರೆ ಟೇಪಿನ ಕಾಂತಶಕ್ತಿಯ ಮಿತಿ ಮುಟ್ಟುವವರೆಗೂ ಬೆಳೆದು ಊಳಿಡುತ್ತದೆ. ರಡ್ಡಕ್ ಈ ಅಂಚಿನಲ್ಲಿ ಆಡುತ್ತಿದ್ದ. ಊಳು ಏಳುವಷ್ಟರಲ್ಲಿ ಕೈ ಹಿಂದೆಗೆಯುತ್ತಿದ್ದ. ಇನ್ನೊಂದು ಸೊಗಸೂ ಉಂಟು. ನಿಮಿಷಕ್ಕೆ 76 ಪೆಟ್ಟುಗಳ ಲಯದಲ್ಲಿ ಒಂದು ಪೆಟ್ಟಿನ ಕಾಲ 0.79 ಸೆಕೆಂಡು. ಮೇಲೆ ಹೇಳಿದ ಪ್ರತಿಧ್ವನಿ ಅದರ ಮೂರನೆಯ ಒಂದು ಭಾಗ. ಅಂದಮೇಲೆ ವಾದ್ಯಗಾರ ಒಂದು ಪೆಟ್ಟು ನುಡಿಸಿದರೆ ಯಂತ್ರವು ಅದನ್ನು ತಿಶ್ರಗತಿಯಲ್ಲಿ ಮುಂದುವರಿಸುತ್ತದೆ. ತಾಳ ಬಲ್ಲ ವಿದ್ಯಾರ್ಥಿಗಳು ಬೆರಳೆಣಿಸಿ ನೋಡಬಹುದು.

ಉಳಿದ ಎರಡು ಸಾಧನಗಳನ್ನು ಚುಟುಕಾಗಿ ಹೇಳುತ್ತೇನೆ. ಸ್ಪ್ರಿಂಗಿನ ಒಂದು ತುದಿಯನ್ನು ಧ್ವನಿಯಿಂದ ಕಂಪಿಸುವಂತೆ ಮಾಡಿದರೆ ಕಂಪನವು ಆ ಸುರುಳಿಯ ಎರಡು ತುದಿಗಳ ನಡುವೆ ಹಲವು ಸಲ ಓಡಾಡುತ್ತದೆ. ಇದರಿಂದ ದೊಡ್ಡ ಹಜಾರದ ಅನುರಣನದಂಥ ಗುಂಗು ಹುಟ್ಟುತ್ತದೆ. ಆ ಪೆಟ್ಟಿಗೆಯನ್ನೇ ಕೈಯಿಂದ ಗುದ್ದಿದರೆ ಗುಡುಗು. ಡಬ್ ಮುದ್ರಿಕೆಗಳಲ್ಲಿ ಥಟ್ಟನೆ ಕೇಳಿಬರುವ ಸಿಡಿಲಿನ ಮೂಲ ಇದೇ. ಎರಡನೆಯದು ಮಂದ್ರಸ್ವರಗಳನ್ನು ತಡೆದು ತಾರಸ್ವರಗಳನ್ನು ಮಾತ್ರ ಬಿಡುವ ಫಿಲ್ಟರು. ರಡ್ಡಕ್‌ನ ಮೇಜಿನಲ್ಲಿ ಇದರ ತಿರುಗುಗುಂಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಅದನ್ನು ತಿರುಗಿಸಿದಂತೆ ಡ್ರಮ್ಮಿನ ಒಡಲು ಕರಗಿ, ಕೊನೆಗೆ ಕಂಚಿನ ತಾಳದ ಹೊಟ್ಟು ಮಾತ್ರ ಉಳಿಯುತ್ತದೆ.

ಈಗ ಕೊಸರಿನ ವಿಚಾರಕ್ಕೆ ಬರೋಣ. ಡಬ್ ಸಂಗೀತದ ಜೀವ ಮಂದ್ರದಲ್ಲಿದೆ. ಬಾಸ್ ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸಂಖ್ಯೆ ಸೆಕೆಂಡಿಗೆ 41. ಅದರ ತರಂಗದ ಉದ್ದ ಗಾಳಿಯಲ್ಲಿ 8 ಮೀಟರಿಗೂ ಹೆಚ್ಚು. (ಇಷ್ಟು ಉದ್ದದ ತರಂಗವನ್ನು ಎಬ್ಬಿಸುವುದು ಮೊಬೈಲಿನ ಬೆರಳಗಲದ ಧ್ವನಿವರ್ಧಕಕ್ಕೆ ಸಾಧ್ಯವಿಲ್ಲ. ಅದರಲ್ಲಿ ನಮಗೆ ಕೇಳುವುದು 82, 123 ಮುಂತಾದ ಉಪಸ್ವರಗಳು; ಕಾಣೆಯಾದ ಮೂಲಸ್ವರವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ಡಬ್ ಕೇಳುವವರು ದಯಮಾಡಿ ಒಳ್ಳೆಯ ಹೆಡ್‌ಫೋನನ್ನು ಸಾಲ ಮಾಡಿಯಾದರೂ ತರಬೇಕು.) ತಟ್ಟೆಯ ಗೀರಿನಲ್ಲಿ ಈ ಮಂದ್ರವು ಬಹಳ ಜಾಗ ಬೇಡುತ್ತದೆ. ಕೊರೆಯುವ ಮುಳ್ಳಿನ ವೇಗ ಒಂದೇ ಆಗಿದ್ದರೆ, ಸೆಕೆಂಡಿಗೆ 50 ಕಂಪನಗಳ ಸ್ವರಕ್ಕೆ 1000 ಕಂಪನಗಳ ಸ್ವರಕ್ಕಿಂತ 20 ಪಟ್ಟು ಅಗಲವಾದ ಓಲಾಟ ಬೇಕು. ಆದುದರಿಂದ 1954ರಲ್ಲಿ ಒಪ್ಪಿಕೊಂಡ ಒಂದು ನಿಯಮದಂತೆ, ಕೊರೆಯುವಾಗ 50 ಕಂಪನಗಳ ಸ್ವರವನ್ನು ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿಸಿ, ನುಡಿಸುವಾಗ ಅಷ್ಟೇ ಪಟ್ಟು ಏರಿಸುತ್ತಾರೆ. ಹಾಗೆ ಮಾಡಿದರೂ ಭಾರಿ ಮಂದ್ರವುಳ್ಳ ಗೀರುಗಳನ್ನು ದೂರದೂರ ಇಡಲೇಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗುವ ದೊಡ್ಡ ತಟ್ಟೆಯ ಒಂದು ಬದಿಗೆ 20 ನಿಮಿಷದ ಆಸುಪಾಸಿನ ಸಂಗೀತ ಹಿಡಿದರೆ ಹೆಚ್ಚು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಾದರೋ ಮಂದ್ರಕ್ಕೆ ಪ್ರತ್ಯೇಕ ತೆರಿಗೆಯಿಲ್ಲ. ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳು ಅಲ್ಲಿರುವುವು. ಸ್ವರ ಯಾವುದಾದರೂ ಜಾಗ ಒಂದೇ. ಒಟ್ಟು 74 ನಿಮಿಷ. ಹಳೆಯ ತಟ್ಟೆಯೊಂದನ್ನು ಅದಕ್ಕೆ ವರ್ಗಾಯಿಸಿದರೆ ಅರ್ಧದಷ್ಟು ಖಾಲಿ ಉಳಿಯಿತು. ಖಾಲಿ ಜಾಗವನ್ನು ಕಂಡ ವ್ಯಾಪಾರಿ ಸುಮ್ಮನಿರುತ್ತಾನೆಯೆ? ಕಪಾಟುಗಳನ್ನು ತಡಕಿ, ಚಿಕ್ಕ ತಟ್ಟೆಗಳ ಹಿಂಬದಿಯಲ್ಲಿ ಮಾತ್ರ ಇದ್ದುವನ್ನೂ ಎಂದೂ ಹೊರಬಾರದೆ ಉಳಿದುವನ್ನೂ ತಂದು ತುಂಬಿದರು.

ಆಗಸ್ಟಸ್ ಪಾಬ್ಲೊ ಎಂಬ ಕಲಾವಿದ ಬಾಯಿಂದ ಊದಿ, ಹಾರ್ಮೋನಿಯಮ್ಮಿನಂಥ ಮೆಟ್ಟುಗಳನ್ನು ಒತ್ತಿ ನುಡಿಸುವ ಮೆಲೋಡಿಕ ವಾದ್ಯಕ್ಕೆ ಹೆಸರಾದವನು. ಅವನು ರಡ್ಡಕ್‌ನೊಡನೆ ತಂದ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಎಂಬ 1976ರ ಮುದ್ರಿಕೆ ಡಬ್ ಸಂಗೀತದ ಶಿಖರಗಳಲ್ಲಿ ಒಂದು. ಇದರ ಮರುಮುದ್ರಣವೊಂದರಲ್ಲಿ ಕೊನೆಗೆ ನಾಲ್ಕು ಹೆಚ್ಚುವರಿ ಮಿಶ್ರಣಗಳಿವೆ. ಅವನ್ನು ಕೇಳಿದಾಗಲೇ ನನ್ನ ಹಳೆಯ ಪೂರ್ವಗ್ರಹ ಕಳಚಿದುದು. ಏಕೆಂದರೆ ಒಂದು ಡಬ್ ಮಿಶ್ರಣವು ಪ್ರಯೋಗಶಾಲೆಯಲ್ಲಿ ಒಮ್ಮೆ ಮಾತ್ರ ನಡೆದ ಪ್ರಯೋಗದಂತೆ. ನಾಲ್ಕು ಪಟ್ಟಿಗಳ ಮೂಲ ಟೇಪು ಇಂದು ಸಿಕ್ಕಿದರೂ ಆ ಮಿಶ್ರಣ ಸಿಕ್ಕಂತಾಗಲಿಲ್ಲ. ಯಾವ ಕ್ಷಣದಲ್ಲಿ ಯಾವ ಗುಂಡಿಯನ್ನು ಎಷ್ಟು ಸರಿಸಲಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಮರುದಿನ ರಡ್ಡಕ್ ತಾನೇ ಕುಳಿತರೂ ಬೇರೊಂದು ಹುಟ್ಟುತ್ತಿತ್ತು. 1989ರಲ್ಲಿ ಅವನು ತನ್ನ ಮನೆಯ ಬಳಿ ಗುಂಡೇಟಿಗೆ ಬಲಿಯಾದ. ಆ ಕೈಗಳೂ ಇಲ್ಲವಾದವು. ಉಳಿದ ಸಾಕ್ಷ್ಯವೆಂದರೆ ಅಂದು ಬೇರೊಂದು ಟೇಪಿಗೆ ಇಳಿಸಿಕೊಂಡ ಪ್ರತಿ, ಅಥವಾ ಅದರಿಂದ ಒತ್ತಿದ ತಟ್ಟೆ.

ಈ ಸಾಕ್ಷ್ಯ ದಿನೇದಿನೇ ಸವೆಯುತ್ತಿದೆ. ಜಮೈಕದಲ್ಲಿ ಟೇಪು ದುಬಾರಿಯಾಗಿದ್ದುದರಿಂದ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದರು. ಲೀ ಪೆರಿ ಎಂಬ ಇನ್ನೊಬ್ಬ ಮಹಾಪ್ರತಿಭೆಯ ‘ಬ್ಲ್ಯಾಕ್ ಆರ್ಕ್’ ಮುದ್ರಣಾಲಯ ಬೆಂಕಿಗೆ ಆಹುತಿಯಾಯಿತು. ಉಳಿದ ಟೇಪುಗಳಿಗೆ ತೇವವೇ ಶತ್ರು. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದದ್ದು. 1970ರ ದಶಕದ ಹಲವು ಟೇಪುಗಳ ಅಂಟು ಗಾಳಿಯ ನೀರಾವಿಯನ್ನು ಹೀರಿ, ರಾಸಾಯನಿಕವಾಗಿ ಒಡೆದು, ಬೆಲ್ಲದ ಪಾಕದಂತೆ ಜಿಗುಟಾಗುತ್ತದೆ. ಅಂಥದನ್ನು ಯಂತ್ರಕ್ಕೆ ಹಾಕಿದರೆ ಕಾಂತಶಿರಕ್ಕೆ ಪುಡಿ ಮೆತ್ತಿಕೊಂಡು ಸಂಗೀತವೇ ಉದುರಿಹೋಗುತ್ತದೆ. ಇದಕ್ಕೆ ಪರಿಹಾರ ಕೇಳಿದರೆ ವಾಚಕರು ನಕ್ಕಾರು: ಟೇಪನ್ನು 50 ಡಿಗ್ರಿ ಸೆಲ್ಸಿಯಸ್ಸಿಗೆ ತುಸು ಮೇಲಿನ ಹದವಾದ ಶಾಖದಲ್ಲಿ ಹಲವು ಗಂಟೆಗಳ ಕಾಲ ಬೇಯಿಸುತ್ತಾರೆ! ಕಾಂತತ್ವ ಅಳಿಯಬೇಕಾದರೆ ನೂರಾರು ಡಿಗ್ರಿ ಬೇಕಾಗುವುದರಿಂದ ಧ್ವನಿಗೆ ಅಪಾಯವಿಲ್ಲ. ತೇವ ಹೋಗಿ ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಆ ಅವಧಿಯಲ್ಲಿ ಅದನ್ನು ಅಂಕಿಗಳಿಗೆ ಇಳಿಸಿಬಿಡಬೇಕು. 1993ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಬ್ಲಡ್ ಅಂಡ್ ಫೈರ್’ ಸಂಸ್ಥೆಯವರು ಮೂಲ ಟೇಪುಗಳನ್ನು ಹುಡುಕಿ ತೆಗೆದು, ವಿವರಗಳೊಡನೆ ಪ್ರಕಟಿಸಿ ಮರುಮುದ್ರಣಕ್ಕೆ ಒಂದು ಮಟ್ಟವನ್ನು ಹಾಕಿಕೊಟ್ಟರು. ಟಬ್ಬಿಯ ಮುದ್ರಣಾಲಯದ ಮಿಶ್ರಣಗಳ ಅವರ ಸಂಗ್ರಹ, ‘ಡಬ್ ಗಾನ್ ಕ್ರೇಜಿ’, 1994ರಲ್ಲಿ ಬಂದಿತು.

ಎಲ್ಲರೂ ಹೀಗಲ್ಲ. ಹೆಸರು ಬೇಡ, ನಾನು ಕೊಂಡ ಒಂದು ಮರುಮುದ್ರಣವನ್ನು ಸವೆದ ತಟ್ಟೆಯಿಂದ ಇಳಿಸಿದ್ದರು. ಅದೇನೂ ಅಪರಾಧವಲ್ಲ, ಟೇಪು ಇಲ್ಲದಾಗ ತಟ್ಟೆಯೇ ಗತಿ. ಆದರೆ ಗೀರಿನ ಚಟಪಟ ಸದ್ದನ್ನು ಕಂಪ್ಯೂಟರಿನಿಂದ ಒರೆಸುವಾಗ ಕಂಚಿನ ತಾಳದ ಮಿನುಗನ್ನೂ ಒರೆಸಿಬಿಟ್ಟಿದ್ದರು. ಮೇಲಾಗಿ ಎಲ್ಲವೂ ಒಂದೇ ಸಮನೆ ಗಟ್ಟಿಯಾಗಿ ಕೇಳಲೆಂದು ಮೆಲುದನಿಯನ್ನು ಎತ್ತಿ ಏರುದನಿಯನ್ನು ಕತ್ತರಿಸಿದ್ದರು. ಅದರ ತರಂಗಚಿತ್ರವನ್ನು ಪರದೆಯ ಮೇಲೆ ತೆರೆದು ನೋಡಿದೆ. ಶಿಖರಗಳೆಲ್ಲ ಕತ್ತರಿಸಿದ ಬೇಲಿಯಂತೆ ಸಮತಟ್ಟಾಗಿದ್ದವು. ವಾದ್ಯ ನಿಂತ ಮೇಲೆ 60, 36, 22 ಎಂದು ಇಳಿಯಬೇಕಾದ ಪ್ರತಿಧ್ವನಿ 60, 55, 50 ಎಂಬಂತೆ ತೂಗುತ್ತಿತ್ತು. ರಡ್ಡಕ್ ಬಿಟ್ಟ ಮೌನವನ್ನು ಯಾರೋ ಹುಲ್ಲು ತುಂಬಿ ಮುಚ್ಚಿದಂತೆ. ಮೂಲ ಟೇಪಿನಿಂದ ಇಳಿಸಿದ್ದೋ ತಟ್ಟೆಯಿಂದಲೋ ಎಂಬುದನ್ನು ಹೊದಿಕೆಯ ಮೇಲೆ ನಮೂದಿಸದ ಮರುಮುದ್ರಣವನ್ನು ನಾನು ಈಗ ಅನುಮಾನದಿಂದಲೇ ನೋಡುತ್ತೇನೆ.

ವಿದ್ಯಾರ್ಥಿಗಳು ಈ ಯಂತ್ರವನ್ನು ತಾವೇ ಕಟ್ಟಿ ನೋಡಬಹುದು, ಟೇಪು ಬೇಕಿಲ್ಲ. ಕಂಪ್ಯೂಟರಿನಲ್ಲಿ ಧ್ವನಿಯನ್ನು ತಿದ್ದುವ ಉಚಿತ ತಂತ್ರಾಂಶಗಳಿವೆ. ಒಂದು ಚಪ್ಪಾಳೆಯನ್ನು ಮುದ್ರಿಸಿಕೊಂಡು, ಅದರ ಪ್ರತಿಯನ್ನು 0.26 ಸೆಕೆಂಡು ಮುಂದಕ್ಕೆ ಸರಿಸಿ ನೂರಕ್ಕೆ 60ಕ್ಕೆ ಇಳಿಸಿರಿ. ಆ ಪ್ರತಿಯ ಪ್ರತಿಯನ್ನು ಇನ್ನೊಂದು 0.26 ಸೆಕೆಂಡು ಸರಿಸಿ ಮತ್ತೆ ಇಳಿಸಿರಿ. ಪ್ರತಿ ಸಲವೂ ತಾರಸ್ವರಗಳನ್ನು ಸ್ವಲ್ಪ ಕತ್ತರಿಸಿದರೆ ಟೇಪಿನ ಮಂಕುತನವೂ ಬರುತ್ತದೆ. ಬಳಿಕ ಜೇಕಬ್ ಮಿಲ್ಲರ್ ಹಾಡಿದ ‘ಬೇಬಿ ಐ ಲವ್ ಯೂ ಸೋ’ ಹಾಡನ್ನು ಒಮ್ಮೆ ಪೂರ್ತಿಯಾಗಿ ಕೇಳಿ, ಅದರಿಂದಲೇ ಹುಟ್ಟಿದ, ಮೇಲೆ ಹೇಳಿದ 1976ರ ಮುದ್ರಿಕೆಗೆ ಹೆಸರು ಕೊಟ್ಟ ಮಿಶ್ರಣವನ್ನು ಕೇಳಿರಿ. ಗಾಯಕನ ಮಾತು ಎಲ್ಲಿ ತುಂಡಾಗುತ್ತದೆ, ಅದರ ಬಾಲ ಎಷ್ಟು ಸಲ ಮರುಕಳಿಸಿ ಅಡಗುತ್ತದೆ ಎಂಬುದನ್ನು ಕೈಗಡಿಯಾರ ಹಿಡಿದು ಎಣಿಸಿರಿ. ನಾನು ಎಣಿಸಲು ಕುಳಿತಾಗ ಮೊದಲೆರಡು ಸಲ ಎಣಿಕೆ ತಪ್ಪಿತು. ಬಾಸ್ ಗಿಟಾರಿನ ಕಡೆಗೆ ಗಮನ ಹೊರಟುಹೋಗಿತ್ತು.