ಒಂದು ಗಣಿಯ ವಿಚಾರಣೆ

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಐರಿಷ್ ಸಮುದ್ರದ ದಂಡೆಯ ಮೇಲೆ, ವೈಟ್‌ಹೇವನ್ ಎಂಬ ಪುಟ್ಟ ಬಂದರು ಪಟ್ಟಣವಿದೆ. ತಲೆಮಾರುಗಳ ಕಾಲ ಅಲ್ಲಿನ ಜನರ ಬದುಕಿಗೆ ಕಲ್ಲಿದ್ದಲೇ ಆಧಾರವಾಗಿತ್ತು. ಗಣಿಗಳ ಸುರಂಗಗಳು ಕಡಲ ತಳದ ಕೆಳಗೂ ಮೈಲಿಗಟ್ಟಲೆ ಚಾಚಿಕೊಂಡಿದ್ದವು. ಆ ಕಲ್ಲಿದ್ದಲು ಜನರಿಗೆ ಅನ್ನವನ್ನು ನೀಡಿತು. ಅವರ ಪ್ರಾಣವನ್ನೂ ಕೊಂಡಿತು. 1910ರಲ್ಲಿ ವೆಲಿಂಗ್ಟನ್ ಗಣಿಯಲ್ಲಿ 136 ಮಂದಿ ಮಡಿದರು. 1947ರ ಆಗಸ್ಟ್ 15ರಂದು, ಭಾರತವು ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದ ದಿನವೇ, ವಿಲಿಯಂ ಗಣಿಯ ಸ್ಫೋಟಕ್ಕೆ 104 ಮಂದಿ ಬಲಿಯಾದರು. 1986ರಲ್ಲಿ ಹೇಗ್ ಎಂಬ ಕೊನೆಯ ಗಣಿಯೂ ಮುಚ್ಚಿತು. ಪಟ್ಟಣದಲ್ಲಿ ಉಳಿದುದು ನೆನಪು ಮತ್ತು ನಿರುದ್ಯೋಗ.

ಮೂವತ್ತು ವರ್ಷಗಳ ಅನಂತರ, 2017ರಲ್ಲಿ, ವೆಸ್ಟ್ ಕಂಬ್ರಿಯಾ ಮೈನಿಂಗ್ ಎಂಬ ಕಂಪೆನಿಯು ಅಲ್ಲಿ ಹೊಸದೊಂದು ಭೂಗತ ಗಣಿಯನ್ನು ತೆರೆಯಲು ಅಪ್ಪಣೆ ಬೇಡಿತು. ವರ್ಷಕ್ಕೆ ಸುಮಾರು 28 ಲಕ್ಷ ಟನ್ ಕಲ್ಲಿದ್ದಲನ್ನು ಕಡಲಡಿಯಿಂದ ತೆಗೆಯುವುದು, ಸುಮಾರು 500 ಜನರಿಗೆ ಕೆಲಸ ಕೊಡುವುದು ಅದರ ಯೋಜನೆಯಾಗಿತ್ತು. ಈ ಕಲ್ಲಿದ್ದಲು ವಿದ್ಯುತ್ತಿಗಾಗಿ ಅಲ್ಲ, ಉಕ್ಕಿಗಾಗಿ. ಇಂಥ ಕಲ್ಲಿದ್ದಲನ್ನು ಗಾಳಿಯ ಸಂಪರ್ಕವಿಲ್ಲದಂತೆ ಕಾಯಿಸಿದರೆ ಕೋಕ್ ದೊರೆಯುತ್ತದೆ. ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಿ ಲೋಹವನ್ನು ಬಿಡಿಸಲು ಕೋಕ್ ಬೇಕು.

ಬ್ರಿಟನ್ನಿನಲ್ಲಿ ನೆಲವು ಯಾರದೇ ಆಗಿರಲಿ, ಅದರಡಿಯ ಕಲ್ಲಿದ್ದಲು ಬಹುಮಟ್ಟಿಗೆ ಸರಕಾರದ ಸೊತ್ತು. ಆದುದರಿಂದ ಅದನ್ನು ಅಗೆಯಲು ಪ್ರತ್ಯೇಕ ಪರವಾನಗಿ ಬೇಕು. ಅದಲ್ಲದೆ ಭೂಮಿಯನ್ನು ಗಣಿಗಾಗಿ ಬಳಸಲು ಸ್ಥಳೀಯ ಆಡಳಿತದ ಒಪ್ಪಿಗೆಯೂ ಅಗತ್ಯ. ಒಪ್ಪಿಗೆಗೆ ಮುನ್ನ ಪರಿಸರದ ಮೇಲಾಗುವ ಪರಿಣಾಮಗಳನ್ನು ಅಳೆದು ವರದಿ ಸಲ್ಲಿಸಬೇಕು. ಭೂಗತ ಗಣಿಯು ಮೇಲ್ನೋಟಕ್ಕೆ ನಿರಪಾಯಕರವೆಂದು ತೋರಬಹುದು. ಆದರೆ ಕಲ್ಲಿದ್ದಲನ್ನು ತೆಗೆದ ಪೊಳ್ಳಿನಿಂದ ಮೇಲಿನ ನೆಲ ಕುಸಿಯಬಹುದು. ಗಣಿಯ ನೀರು ಹಳ್ಳಕೊಳ್ಳಗಳನ್ನು ಕೆಡಿಸಬಹುದು. ಕಲ್ಲಿದ್ದಲಿನ ಪದರಗಳಲ್ಲಿ ಅಡಗಿದ ಮೀಥೇನ್ ಅನಿಲವು ವಾಯುಮಂಡಲವನ್ನು ಸೇರಿ ಅದರ ತಾಪವನ್ನು ಹೆಚ್ಚಿಸಬಹುದು. ಇವುಗಳನ್ನು ಮೊದಲೇ ಎಣಿಸಿ ನೋಡುವುದೇ ಪರಿಸರ ಪರಿಣಾಮದ ಪರಿಶೀಲನೆ.

ಅಂದಿನ ಕಂಬ್ರಿಯಾ ಕೌಂಟಿ ಕೌನ್ಸಿಲ್ 2019ರಲ್ಲಿಯೂ 2020ರಲ್ಲಿಯೂ ಗಣಿಯ ಪರವಾಗಿ ತೀರ್ಮಾನಿಸಿತು. ಆದರೆ ವಿರೋಧ ಬಲವಾದುದರಿಂದ 2021ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು ವಿಷಯವನ್ನು ತನ್ನ ಕೈಗೆ ತೆಗೆದುಕೊಂಡು ಸಾರ್ವಜನಿಕ ವಿಚಾರಣೆಗೆ ಆಜ್ಞಾಪಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಚಾರಣಾಧಿಕಾರಿಯ ಮುಂದೆ ಎರಡು ಪಕ್ಷಗಳೂ ತಮ್ಮ ವಾದಗಳನ್ನು ಮಂಡಿಸಿದವು. ಊರಿನ ಮಕ್ಕಳು ಕೆಲಸ ಹುಡುಕಿಕೊಂಡು ದೂರ ಹೋಗುವುದು ತಪ್ಪಲಿ ಎಂಬುದು ಒಂದು ಪಕ್ಷದ ಬಯಕೆ. ಅದೇ ಮಕ್ಕಳು ಬಾಳಬೇಕಾದ ಭೂಮಿ ಬೆಂದುಹೋಗದಿರಲಿ ಎಂಬುದು ಇನ್ನೊಂದು ಪಕ್ಷದ ಕಳಕಳಿ. ಎರಡೂ ಹುಸಿಯಲ್ಲ. 2022ರ ಡಿಸೆಂಬರ್ 7ರಂದು ಸಚಿವ ಮೈಕೆಲ್ ಗೋವ್ ಅವರು ಗಣಿಗೆ ಅನುಮತಿಯಿತ್ತರು.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಗಣಿಯನ್ನು ನಡೆಸುವಾಗ ಹೊಮ್ಮುವ ಅನಿಲಗಳನ್ನು ವರದಿಯು ಲೆಕ್ಕಹಾಕಿತ್ತು. ಆದರೆ ಅಲ್ಲಿಂದ ಹೊರಟ ಕಲ್ಲಿದ್ದಲು ಬೇರೆಡೆಯ ಕುಲುಮೆಗಳಲ್ಲಿ ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ಯಾರ ಲೆಕ್ಕಕ್ಕೆ ಸೇರಬೇಕು? ತಾನು ಕೊಡದಿದ್ದರೆ ಕಾರ್ಖಾನೆಗಳು ಅಮೆರಿಕದ ಕಲ್ಲಿದ್ದಲನ್ನು ಉರಿಸುತ್ತವೆ, ಆದುದರಿಂದ ತನ್ನ ಗಣಿಯಿಂದ ಹೊಗೆಯೇನೂ ಹೆಚ್ಚುವುದಿಲ್ಲ ಎಂಬುದು ಕಂಪೆನಿಯ ವಾದವಾಗಿತ್ತು.

2024ರ ಜೂನ್ 20ರಂದು ಸರ್ರೆ ಪ್ರಾಂತದ ತೈಲಬಾವಿಯೊಂದರ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಮಹತ್ತ್ವದ ತೀರ್ಪನ್ನಿತ್ತಿತು. ಬಾವಿಯಿಂದ ತೆಗೆದ ಎಣ್ಣೆ ಉರಿಯುವುದು ನಿಶ್ಚಿತವಾದುದರಿಂದ, ಆ ಉರಿಯಿಂದಾಗುವ ಪರಿಣಾಮವನ್ನೂ ಪರಿಶೀಲಿಸಲೇಬೇಕು ಎಂದು ಅದು ಹೇಳಿತು. ಅದೇ ನ್ಯಾಯವು ವೈಟ್‌ಹೇವನ್ನಿಗೂ ಅನ್ವಯವಾಯಿತು. 2024ರ ಸೆಪ್ಟೆಂಬರ್ 13ರಂದು ಉಚ್ಚ ನ್ಯಾಯಾಲಯವು ಗಣಿಯ ಅನುಮತಿಯನ್ನು ರದ್ದುಪಡಿಸಿತು. ಗಣಿ ಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸವಾಗಿರಲಿಲ್ಲ. ಅನುಮತಿಯನ್ನು ಕಾನೂನಿಗೆ ಅನುಗುಣವಾಗಿ ನೀಡಲಾಗಿದೆಯೇ ಎಂಬುದನ್ನಷ್ಟೇ ಅದು ನೋಡಿತು. 2025ರಲ್ಲಿ ಕಂಪೆನಿಯು ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಭೂಮಿಯ ಒಂದು ಚಿಂತೆ ಕಳೆಯಿತು. ಪಟ್ಟಣದ ಉದ್ಯೋಗದ ಚಿಂತೆ ಉಳಿಯಿತು.

ಭಾರತದಲ್ಲಿಯೂ ಇಂಥ ವ್ಯವಸ್ಥೆಯುಂಟು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1994ರಲ್ಲಿ, ಅನಂತರ 2006ರಲ್ಲಿ ಅಧಿಸೂಚನೆಗಳು ಹೊರಟವು. ಅವುಗಳಂತೆ ಕಲ್ಲಿದ್ದಲು ಗಣಿಯಂಥ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಸಾಮಾನ್ಯವಾಗಿ ಆ ಪ್ರದೇಶದ ಜನರ ಅಹವಾಲನ್ನು ಬಹಿರಂಗ ಸಭೆಯಲ್ಲಿ ಕೇಳಬೇಕು. ಓದುಬರಹ ಬಾರದ ರೈತನೂ ಅಲ್ಲಿ ಎದ್ದುನಿಂತು ತನ್ನ ಬಾವಿಯ ನೀರೇನಾಗುವುದೆಂದು ಪ್ರಶ್ನಿಸಬಹುದು.

ಇಷ್ಟೊಂದು ವಿಚಾರಣೆ ಕೇವಲ ಕಾಲಹರಣವೆಂದು ಕೆಲವರಿಗೆ ಅನಿಸುವುದುಂಟು. ಆದರೆ ಆಳವನ್ನರಿಯದೆ ನೀರಿಗಿಳಿಯಬಾರದೆಂಬುದು ಹಿರಿಯರ ಮಾತು. ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಕಲ್ಲಿದ್ದಲನ್ನು ಕೆಲವೇ ದಶಕಗಳಲ್ಲಿ ಬರಿದುಮಾಡಬಲ್ಲ ಮನುಷ್ಯನು, ಅಗೆಯುವ ಮುನ್ನ ಕೆಲವು ವರ್ಷ ಯೋಚಿಸಿದರೆ ಅದು ಹೆಚ್ಚಲ್ಲ.