ಕಾಗದದ ಹಿಂದಿರುವ ಮಗು

ಉಡುಪಿಯಿಂದ ತೆಂಕಣ ದಿಕ್ಕಿಗೆ ಹೊರಟರೆ ಅರ್ಧ ಗಂಟೆಯೊಳಗೆ ಕಾಪು ಸಿಗುತ್ತದೆ. ಅಲ್ಲಿನ ಕಡಲತೀರದ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವೊಂದು ನಿಂತಿದೆ. ಕತ್ತಲಾದೊಡನೆ ಅದರ ಬೆಳಕು ನೀರಿನ ಮೇಲೆ ಬೀಳುತ್ತದೆ. ದೂರದ ದೋಣಿಯಲ್ಲಿರುವ ಮೀನುಗಾರನಿಗೆ ಕಾಣುವುದು ಆ ಬೆಳಕು ಮಾತ್ರ. ಗಾಜನ್ನು ಒರೆಸಿ ದೀಪವನ್ನು ನೋಡಿಕೊಳ್ಳುವವರು ಅವನ ಕಣ್ಣಿಗೆ ಬೀಳುವುದಿಲ್ಲ. ಅವರು ಒಂದು ರಾತ್ರಿ ಮೈಮರೆತರೆ ಮಾತ್ರ ಅವರೂ ಇದ್ದರೆಂಬುದು ಲೋಕಕ್ಕೆ ತಿಳಿಯುತ್ತದೆ.

ಕಳೆದ ದೀಪಾವಳಿಯ ರಜೆಯಲ್ಲಿ ಆ ದೀಪಸ್ತಂಭದ ಕೆಳಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. ಕಾಪುವಿನ ಮೀನುಗಾರ ಮನೆತನದ ಹುಡುಗಿ; ತರಗತಿಯಲ್ಲಿ ಮಾತು ಕಡಿಮೆ, ಅಕ್ಷರ ಮುತ್ತಿನಂತೆ. ಉಡುಪಿಯಲ್ಲಿ ವಾಣಿಜ್ಯ ಪದವಿಯನ್ನು ಓದುತ್ತ ಸಂಜೆಯ ಹೊತ್ತು ಬೆರಳಚ್ಚು ಕಲಿತವಳು. ಮೊದಲು ಕಾರ್ಕಳದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದಳು. ಅನಂತರ ಮಣಿಪಾಲದ ಕಚೇರಿಯೊಂದರಲ್ಲಿ ಕೆಲವು ವರ್ಷ ದುಡಿದಳು. ಈಗ ಬೆಂಗಳೂರಿನಲ್ಲಿ, ಅನೇಕ ದೇಶಗಳಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಸೇವಾಸಂಸ್ಥೆಯೊಂದರ ನಿರ್ದೇಶಕರಿಗೆ ಆಪ್ತ ಸಹಾಯಕಿಯಾಗಿದ್ದಾಳೆ.

“ಮಕ್ಕಳ ಸೇವೆ ಮಾಡುವ ಭಾಗ್ಯ ನಿನ್ನದಾಯಿತು. ಯಾವ ಹಳ್ಳಿಗಳಲ್ಲಿ ತಿರುಗುತ್ತೀಯೆ ಮಗಳೇ?” ಎಂದು ಕೇಳಿದೆ.

“ನಾನು ತಿರುಗುವುದಿಲ್ಲ ಸರ್. ತಿರುಗುವವರ ಕಾಗದಪತ್ರ ನೋಡಿಕೊಳ್ಳುತ್ತೇನೆ.”

“ಅಂದರೆ ಬರಿಯ ಕಾಗದದ ಕೆಲಸವೆ?” ಎಂಬ ಮಾತು ನನ್ನ ಬಾಯಿಂದ ಜಾರಿತು. ಅವಳು ನಕ್ಕಳು. ಆ ‘ಬರಿಯ’ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಅದರ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಮಕ್ಕಳಿಗಾಗಿ ದೇಶದ ಗಡಿಯನ್ನು ದಾಟಿ ದುಡಿಯುವ ಸಂಸ್ಥೆಗಳ ಇತಿಹಾಸವೂ ಒಂದು ಕಾಗದದಿಂದಲೇ ಆರಂಭವಾಯಿತೆನ್ನಬಹುದು. ಮೊದಲನೆಯ ಮಹಾಯುದ್ಧ ನಿಂತರೂ ಶತ್ರುದೇಶಗಳ ಮೇಲಿನ ದಿಗ್ಬಂಧನ ಮುಂದುವರಿದು ಆಸ್ಟ್ರಿಯ, ಜರ್ಮನಿಗಳ ಮಕ್ಕಳು ಹಸಿವಿನಿಂದ ನರಳುತ್ತಿದ್ದರು. ೧೯೧೯ರಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆ ಆ ಮಕ್ಕಳ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದಳು. ಅದಕ್ಕಾಗಿ ಅವಳನ್ನು ಬಂಧಿಸಿದರು. ನ್ಯಾಯಾಲಯ ಐದು ಪೌಂಡು ದಂಡ ವಿಧಿಸಿತು. ಅವಳ ವಿರುದ್ಧ ವಾದಿಸಿದ ಸರಕಾರಿ ವಕೀಲನೇ ಆ ಐದು ಪೌಂಡುಗಳನ್ನು ಅವಳ ಕೈಗಿತ್ತನಂತೆ. ಆ ವರ್ಷವೇ ‘ಸೇವ್ ದಿ ಚಿಲ್ಡ್ರನ್’ ನಿಧಿ ಹುಟ್ಟಿತು. ಮುಂದೆ ಆಕೆ ಬರೆದ ಐದು ಅಂಶಗಳ ಪುಟ್ಟ ಘೋಷಣೆಯನ್ನು ೧೯೨೪ರಲ್ಲಿ ಜಿನೀವಾದ ರಾಷ್ಟ್ರಸಂಘವು ಅಂಗೀಕರಿಸಿತು. ಅದೇ ದಾರಿಯಲ್ಲಿ ಸಾಗಿದ ಲೋಕವು ೧೯೮೯ರ ನವೆಂಬರ್ ೨೦ರಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ತಲುಪಿತು. ೧೯೯೨ರಲ್ಲಿ ಭಾರತವೂ ಅದಕ್ಕೆ ಒಪ್ಪಿಗೆಯಿತ್ತಿತು.

“ಸರಿ, ನೀನು ಮಾಡುವುದೇನು?” ಎಂದು ಮತ್ತೆ ಕೇಳಿದೆ. ಅವಳು ತನ್ನ ದಿನಚರಿಯನ್ನು ವಿವರಿಸಿದಳು. ಬೆಳಗ್ಗೆ ನಿರ್ದೇಶಕರು ಬರುವ ಮೊದಲೇ ರಾತ್ರಿ ಬಂದ ಪತ್ರಗಳನ್ನು ಓದಿ ಮೂರು ಪಾಲು ಮಾಡಬೇಕು: ಇಂದೇ ಉತ್ತರಿಸಬೇಕಾದವು, ಬೇರೆಯವರಿಗೆ ಕಳುಹಿಸಬೇಕಾದವು, ಕಾಯಬಹುದಾದವು. ಯಾವುದು ಕಾಯಬಹುದು, ಯಾವುದು ಕಾಯಲಾರದು ಎಂಬ ವಿವೇಕವೇ ಈ ಕೆಲಸದ ಮೊದಲ ಪಾಠ. ಮಗುವೊಂದು ಅಪಾಯದಲ್ಲಿದೆಯೆಂಬ ಎರಡು ಸಾಲಿನ ಪತ್ರ ದೊಡ್ಡ ದಾನಿಯ ಹತ್ತು ಪುಟದ ಪತ್ರಕ್ಕಿಂತ ಮೇಲೆ ಬರಬೇಕು. ಲಂಡನ್ನಿನಲ್ಲಿ ಬೆಳಗಿನ ಒಂಬತ್ತಾದಾಗ ನಮ್ಮಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆ, ಬೇಸಗೆಯಲ್ಲಿ ಒಂದೂವರೆ. ಈ ವ್ಯತ್ಯಾಸವನ್ನು ಲೆಕ್ಕವಿಟ್ಟು ಸಭೆಗಳನ್ನು ಗೊತ್ತುಪಡಿಸಬೇಕು. ಸಭೆಗೆ ಮೊದಲು ಕಾರ್ಯಸೂಚಿ, ಸಭೆಯ ಬಳಿಕ ನಡವಳಿ. ಯಾರು ಯಾವ ಕೆಲಸವನ್ನು ಯಾವ ದಿನದೊಳಗೆ ಮಾಡುವೆನೆಂದು ಒಪ್ಪಿಕೊಂಡರೋ ಅವರಿಗೆ ಆ ದಿನಕ್ಕೆ ಮುಂಚೆ ವಿನಯದಿಂದ ನೆನಪಿಸಬೇಕು. ಎಷ್ಟೋ ಒಳ್ಳೆಯ ನಿರ್ಧಾರಗಳು ಸಾಯುವುದು ವಿರೋಧದಿಂದಲ್ಲ, ಮರೆವಿನಿಂದ ಎಂದು ಅವಳು ಹೇಳಿದಳು.

ಹಣದ ಲೆಕ್ಕವೂ ಅವಳ ಮೇಜಿನ ಮೇಲೆ ಹಾದುಹೋಗುತ್ತದೆ. ವಿದೇಶದಿಂದ ಬರುವ ದೇಣಿಗೆಯನ್ನು ೨೦೧೦ರ ಕಾಯಿದೆಯಂತೆ ಗೊತ್ತುಪಡಿಸಿದ ಪ್ರತ್ಯೇಕ ಖಾತೆಯಲ್ಲಿಯೇ ಪಡೆಯಬೇಕು. ಪ್ರತಿ ವರ್ಷವೂ ಅದರ ಲೆಕ್ಕವನ್ನು ಸರಕಾರಕ್ಕೆ ಒಪ್ಪಿಸಬೇಕು. ಪ್ರಯಾಣದ ಒಂದು ರಸೀದಿ ಕಾಣೆಯಾದರೂ ಅವಳು ಹುಡುಕದೆ ಬಿಡುವುದಿಲ್ಲ. “ನಮ್ಮೂರಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಸರ್. ನನ್ನ ಅಮ್ಮ ಮೀನು ಮಾರಿ ಬಂದ ಹಣದಲ್ಲಿ ದಿನವೂ ಪಿಗ್ಮಿ ಕಟ್ಟುತ್ತಿದ್ದರು” ಎಂದಳು. ನಿಜ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲ ಬಡವರ ಮನೆಬಾಗಿಲಿಗೇ ಅದು ಹೋಯಿತು. ೨೦೨೦ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಅದು ಕಲಿಸಿದ ಪಾಠ ಉಳಿದಿದೆ: ಸಣ್ಣ ಹಣವನ್ನು ಕೊಟ್ಟವನ ನಂಬಿಕೆ ಸಣ್ಣದಲ್ಲ. ದೂರದ ದೇಶದಲ್ಲಿ ಯಾರೋ ವೃದ್ಧೆ ತನ್ನ ಪಿಂಚಣಿಯಲ್ಲಿ ಉಳಿಸಿ ಕಳುಹಿಸಿದ ಹಣವೂ ಅಂಥದೇ ಅಲ್ಲವೆ?

ಒಂದು ಅಂಕಿಯ ಬೆಲೆಯೆಷ್ಟೆಂಬುದಕ್ಕೆ ಅವಳೊಂದು ನಿದರ್ಶನ ಕೊಟ್ಟಳು. ಶಾಲೆಗಳಲ್ಲಿ ಅಂಟಿಸಲು ಸಿದ್ಧವಾದ ಭಿತ್ತಿಪತ್ರವೊಂದರಲ್ಲಿ ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮ ಎಂದಿರುವ ಬದಲು ೧೦೮೯ ಎಂದಾಗಿತ್ತು. ನಾಲ್ಕು ಮಂದಿ ನೋಡಿ ಒಪ್ಪಿಗೆ ಕೊಟ್ಟಿದ್ದರು. ಅಚ್ಚಿಗೆ ಹೋಗುವ ಮುನ್ನ ಐದನೆಯವಳಾಗಿ ಅವಳು ನೋಡಿದಳು. ಆ ಎರಡು ಅಂಕಿಗಳು ಸ್ಥಳ ಬದಲಿಸಿಯೇ ಉಳಿದಿದ್ದರೆ, ಕಷ್ಟದಲ್ಲಿ ಕರೆಮಾಡಿದ ಮಗುವಿಗೆ ಯಾರು ಓಗೊಡುತ್ತಿದ್ದರು?

ನಡವಳಿಯ ಮಾತು ಬಂದಾಗ ನಾನು ನಮ್ಮ ಕುಂದಾಪುರವನ್ನು ನೆನೆದೆ. ದುಡಿಯುವ ಮಕ್ಕಳದೇ ಆದ ಭೀಮ ಸಂಘ ನಮ್ಮ ರಾಜ್ಯದಲ್ಲಿ ಹುಟ್ಟಿದ್ದು ೧೯೯೦ರಲ್ಲಿ. ೧೯೯೬ರ ಕೊನೆಯಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸಭೆ ಸೇರಿ ಹತ್ತು ಅಂಶಗಳ ಘೋಷಣೆಯನ್ನು ಹೊರಡಿಸಿದರು. ಮಕ್ಕಳು ತಯಾರಿಸಿದ ವಸ್ತುಗಳನ್ನು ಬಹಿಷ್ಕರಿಸಬೇಕೆಂದು ಲೋಕದ ಹಲವು ಹಿರಿಯರು ವಾದಿಸುತ್ತಿದ್ದ ಕಾಲವದು. ಮಕ್ಕಳು ಆ ಬಹಿಷ್ಕಾರವನ್ನು ಒಪ್ಪಲಿಲ್ಲ. ತಮ್ಮ ಸ್ಥಿತಿಗೆ ಹೊಂದುವ ಶಿಕ್ಷಣ ಬೇಕು, ತಮ್ಮ ಬಗೆಗಿನ ನಿರ್ಧಾರಗಳಲ್ಲಿ ತಮ್ಮನ್ನೂ ಕೇಳಬೇಕು ಎಂದರು. ಅವರ ನಿಲುವನ್ನು ಒಪ್ಪಬಹುದು, ಬಿಡಬಹುದು. ಆದರೆ ಬರೆದುಕೊಳ್ಳುವವರು ತಮಗೆ ಹಿತವಾದುದನ್ನಷ್ಟೇ ಬರೆದಿದ್ದರೆ ಆ ಮಾತು ಇಂದು ನಮ್ಮ ಮುಂದೆ ಇರುತ್ತಿರಲಿಲ್ಲ. “ಹೇಳಿದ್ದನ್ನು ಹೇಳಿದಂತೆ ಬರೆಯುವುದೇ ನಮ್ಮ ವ್ರತ ಸರ್” ಎಂದಳು ಅವಳು.

ಬಳಿಕ ತುಸು ಸುಮ್ಮನಿದ್ದು ಇನ್ನೊಂದು ಸಂಗತಿಯನ್ನು ಹೇಳಿದಳು. ಕೆಲವು ವರ್ಷಗಳ ಹಿಂದೆ ವಿದೇಶದ ದಾನಿಯೊಬ್ಬರು ದೊಡ್ಡ ಮೊತ್ತವನ್ನು ಕೊಡಲು ಮುಂದಾದರು. ಮನೆಗೆಲಸದಿಂದ ಬಿಡುಗಡೆ ಹೊಂದಿ ಶಾಲೆ ಸೇರಿದ ಹುಡುಗಿಯೊಬ್ಬಳ ಭಾವಚಿತ್ರ, ಹೆಸರು, ಊರುಗಳನ್ನು ತಮ್ಮ ವಾರ್ಷಿಕ ಪುಸ್ತಿಕೆಯಲ್ಲಿ ಅಚ್ಚಿಸಬೇಕೆಂದು ಅವರ ಕೋರಿಕೆ. ನಿರ್ದೇಶಕರು ಪ್ರಯಾಣದಲ್ಲಿದ್ದರು. ಸಹೋದ್ಯೋಗಿಗಳು ಅವಸರಪಡಿಸಿದರು. ಕಡತವೆಲ್ಲ ಅವಳ ಮುಂದಿತ್ತು. ಕಳುಹಿಸಲು ಒಂದು ಬೆರಳು ಸಾಕಿತ್ತು. ಅವಳು ಕಳುಹಿಸಲಿಲ್ಲ. ಅಂಥ ಮಕ್ಕಳ ಗುರುತನ್ನು ಪ್ರಕಟಿಸಬಾರದೆಂದು ೨೦೧೫ರ ಬಾಲನ್ಯಾಯ ಕಾಯಿದೆಯ ೭೪ನೆಯ ಕಲಮು ಹೇಳುತ್ತದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೬ನೆಯ ವಿಧಿಯೂ ಮಗುವಿನ ಖಾಸಗಿತನವನ್ನು ಕಾಯುತ್ತದೆ. ಅದನ್ನೆಲ್ಲ ಬರೆದು, ಹೆಸರಿಲ್ಲದ, ಮುಖವಿಲ್ಲದ ವರದಿಯೊಂದನ್ನು ಸಿದ್ಧಪಡಿಸಿ ನಿರ್ದೇಶಕರಿಗೆ ಕಳುಹಿಸಿದಳು. ಅವರು ಅದನ್ನೇ ಒಪ್ಪಿ ದಾನಿಗೆ ರವಾನಿಸಿದರು.

“ದಾನಿ ಮೆಚ್ಚಿಕೊಂಡರೆ?” ಎಂದೆ.

“ಇಲ್ಲ ಸರ್. ಆ ವರ್ಷ ಅರ್ಧದಷ್ಟೇ ಹಣ ಬಂತು. ಯಾವ ಯಾವ ಕೆಲಸ ಕೈಬಿಡಬೇಕೆಂಬ ಪಟ್ಟಿಯನ್ನು ನಾನೇ ಬೆರಳಚ್ಚಿಸಿದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಆ ಹುಡುಗಿ ತರಗತಿಯಲ್ಲಿ ಎಲ್ಲರಂತೆ ಕುಳಿತಿದ್ದಾಳೆ. ಅವಳು ಎಲ್ಲಿಂದ ಬಂದವಳೆಂದು ಪಕ್ಕದವಳಿಗೆ ಗೊತ್ತಿಲ್ಲ.”

“ಇಷ್ಟು ಗಟ್ಟಿತನ ನಿನಗೆಲ್ಲಿಂದ ಬಂತು?” ಎಂದು ಹೆಮ್ಮೆಯಿಂದ ಕೇಳಿದೆ. ಅವಳು ಸಮುದ್ರದ ಕಡೆಗೆ ನೋಡುತ್ತ, “ಒಂಬತ್ತನೆಯ ತರಗತಿಯಲ್ಲಿ ತಾವು ಒಂದು ಪಟ್ಟಿ ಓದಿದ್ದಿರಿ ಸರ್” ಎಂದಳು.

ನನಗೆ ನೆನಪಾಯಿತು. ಬಡ ಮಕ್ಕಳಿಗೆ ಧರ್ಮಾರ್ಥವಾಗಿ ಬಂದ ಪುಸ್ತಕಗಳನ್ನು ಹಂಚುವ ದಿನ ನಾನು ಇಡೀ ತರಗತಿಯ ಮುಂದೆ ಹೆಸರುಗಳನ್ನು ಗಟ್ಟಿಯಾಗಿ ಕೂಗಿ, ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಕೊಡುವವನ ಸಂತೋಷದಲ್ಲಿ ಪಡೆಯುವವರ ಮುಖವನ್ನು ನೋಡಿರಲಿಲ್ಲ.

“ನನ್ನದು ಮೂರನೆಯ ಹೆಸರು. ಪುಸ್ತಕ ಉಪಯೋಗಕ್ಕೆ ಬಂತು ಸರ್. ಆದರೆ ಆ ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಕುಳಿತೆ.” ಅವಳ ದನಿಯಲ್ಲಿ ದೂರು ಇರಲಿಲ್ಲ. ಅದರಿಂದಲೇ ನನ್ನ ತಲೆ ಇನ್ನಷ್ಟು ತಗ್ಗಿತು. “ತಪ್ಪಾಯಿತು ಮಗಳೇ” ಎಂದೆ. ಅವಳು ಬಾಗಿ ನನ್ನ ಕಾಲು ಮುಟ್ಟಿದಳು. ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಕೊಡುವುದು ಸೇವೆಯ ಒಂದು ಭಾಗ. ಕೊಡುವಾಗ ಪಡೆಯುವವರ ಮಾನವನ್ನು ಕಾಯುವುದು ಅದರ ಇನ್ನೊಂದು ಭಾಗ. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಎಚ್ಚರ ಬೇಕು. ಕಚೇರಿಯ ಮೂಲೆಯಲ್ಲಿ ಕುಳಿತು ಪತ್ರವನ್ನು ಎರಡು ಸಲ ಓದುವವರು, ಅಂಕಿಯನ್ನು ತಿದ್ದುವವರು, ಹೆಸರನ್ನು ಮುಚ್ಚಿಡುವವರು ಆ ಎಚ್ಚರದ ಕೆಲಸಗಾರರು. ಅವರ ಕಣ್ಣಮುಂದೆ ಇರುವುದು ಕಾಗದ. ಅವರ ಮನಸ್ಸಿನ ಮುಂದೆ ಇರಬೇಕಾದದ್ದು ಆ ಕಾಗದದ ಹಿಂದಿರುವ ಮಗು.

ಹೊತ್ತು ಮುಳುಗಿ ದೀಪಸ್ತಂಭದ ಬೆಳಕು ಹೊತ್ತಿಕೊಂಡಿತು. ಕನ್ನಡದಲ್ಲಿ ‘ಕಾಪು’ ಎಂಬ ಮಾತಿಗೆ ಕಾವಲು, ರಕ್ಷಣೆ ಎಂಬ ಅರ್ಥವಿದೆ. ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಕಲಿಸಿದ ನಾನು ಆ ಪದದ ಅರ್ಥವನ್ನು ಆ ಸಂಜೆ ನನ್ನ ವಿದ್ಯಾರ್ಥಿನಿಯಿಂದ ಕಲಿತೆ.

ಅಭ್ಯಾಸ

೧. ಆಪ್ತ ಸಹಾಯಕಿಯ ಕೆಲಸದ ‘ಮೊದಲ ಪಾಠ’ ಯಾವುದು?
೨. ‘ಸಣ್ಣ ಹಣವನ್ನು ಕೊಟ್ಟವನ ನಂಬಿಕೆ ಸಣ್ಣದಲ್ಲ’ – ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
೩. ಹುಡುಗಿಯ ಗುರುತನ್ನು ಕಳುಹಿಸದಿದ್ದುದರಿಂದ ಆದ ನಷ್ಟವೇನು, ಉಳಿದದ್ದೇನು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
೪. ನಿಮ್ಮ ಶಾಲೆಯಲ್ಲಿ ಕಣ್ಣಿಗೆ ಬೀಳದೆ ಕೆಲಸ ಮಾಡುವ ಒಬ್ಬರೊಡನೆ ಮಾತನಾಡಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಒಂದು ಪುಟದಲ್ಲಿ ಬರೆಯಿರಿ.